ಎಡಕ್ಕೆ ಉಪ್ಪು

ಯುಗಾದಿಯ ಹಿಂದಿನ ದಿನ ಶ್ರೀಖಂಡಕ್ಕೆ ಚಕ್ಕಾ, ಅಂದರೆ ನೀರಿಳಿಸಿದ ಗಟ್ಟಿ ಮೊಸರು, ತರಲೆಂದು ದಾದರ್‌ನ ಒಂದು ಡೈರಿಯ ಮುಂದೆ ಸಾಲಿನಲ್ಲಿ ನಿಂತಿದ್ದೆ. ನಮ್ಮ ಯುಗಾದಿ, ಇಲ್ಲಿಯವರ ಪಾಡ್ವಾ ಎರಡೂ ಒಂದೇ ದಿನವಾದ್ದರಿಂದ ಸಾಲು ಫುಟ್‌ಪಾತ್ ದಾಟಿ ರಸ್ತೆಗೆ ಇಳಿದಿತ್ತು. ಅಂಗಡಿಯೊಳಗೆ ಬಿಳಿ ಬಟ್ಟೆಯ ಗಂಟುಗಳಲ್ಲಿ ಮೊಸರು ನೇತಾಡುತ್ತಿತ್ತು. ಕೆಳಗಿಟ್ಟ ಸ್ಟೀಲ್ ಬಕೆಟ್ಟಿಗೆ ಹಳದಿ ಛಾಯೆಯ ನೀರು ಹನಿಹನಿಯಾಗಿ ಬೀಳುತ್ತಿತ್ತು. ಆ ಹುಳಿವಾಸನೆ ಮೂಗಿಗೆ ಬಡಿಯಿತು. ಹಿಂದೆ ನಿಂತ ಹೆಂಗಸು "ಪುಢೆ ಸರಕಾ ನಾ" ಎಂದು ಭುಜ ತಟ್ಟಿ ಮುಂದೆ ತಳ್ಳಿದಾಗಲೇ ನಾನು ನಿಂತಲ್ಲೇ ನಿಂತುಬಿಟ್ಟಿದ್ದೇನೆಂದು ತಿಳಿದದ್ದು.

ಆ ವಾಸನೆ ನನ್ನ ಪಾಲಿಗೆ ಹಬ್ಬದ್ದಲ್ಲ, ಅಕ್ಕೋರದು.

ನಮ್ಮ ಧಾರವಾಡದ ಕಡೆ ಶಾಲೆಯಲ್ಲಿ ಕಲಿಸುವ ಹೆಂಗಸರನ್ನು ಅಕ್ಕೋರು ಎನ್ನುತ್ತಾರೆ. ನಾನು ಹುಟ್ಟಿ ಬೆಳೆದದ್ದು ಭಾಂಡುಪ್‌ನ ಚಾಳಿನಲ್ಲಿ. ಆ ಶಬ್ದವನ್ನು ಅವ್ವನ ಬಾಯಲ್ಲಿ ಮಾತ್ರ ಕೇಳಿದ್ದೆ. ಪರೇಲ್‌ನ ಸಂಶೋಧನಾಲಯಕ್ಕೆ ಪಿಎಚ್‌ಡಿಗೆಂದು ಸೇರಿದ ಮೊದಲ ದಿನ ನನ್ನ ಗೈಡ್ ನನ್ನ ಅರ್ಜಿಯನ್ನು ಮಗುಚಿ ನೋಡಿ, ಇಂಗ್ಲಿಷ್ ಬಿಟ್ಟು, "ಧಾರವಾಡದಾಗ ಯಾವ ಓಣಿ?" ಎಂದು ಕೇಳಿದರು. ಅವರು ಬೆಳಗಾವಿಯವರು. ಆ ಸಂತೋಷದಲ್ಲಿ ನನ್ನ ಬಾಯಿಂದ "ಅಕ್ಕೋರ" ಎಂಬ ಶಬ್ದ ತಾನಾಗಿ ಬಂದುಬಿಟ್ಟಿತು. ಉಳಿದವರಿಗೆಲ್ಲ ಅವರು ಮ್ಯಾಡಮ್. ನನಗೊಬ್ಬಳಿಗೆ ಕೊನೆಯವರೆಗೂ ಅಕ್ಕೋರು.

ಅವರದು ಕರುಳಿನ ಕೆಲಸ. ನಮ್ಮ ಕರುಳಿನ ಒಳಮೈಗೆ ಒಂದೇ ಒಂದು ಪದರದ ಜೀವಕೋಶಗಳಿವೆ. ಅವು ಒಂದಕ್ಕೊಂದು ಬಿಗಿಯಾಗಿ ಅಂಟಿಕೊಂಡಿದ್ದರೆ ತಿಂದದ್ದರಲ್ಲಿ ಬೇಕಾದದ್ದಷ್ಟೇ ರಕ್ತಕ್ಕೆ ಹೋಗುತ್ತದೆ. ಸಡಿಲವಾದರೆ ಬೇಡದ್ದೂ ನುಗ್ಗುತ್ತದೆ. "ದಾದರ್‌ದಾಗ ಒಂಬತ್ತರ ಲೋಕಲ್ ಹತ್ತೀ ಏನು? ಲೇಡೀಸ್ ಡಬ್ಬಿಯೊಳಗ ನಡುವ ಸೂಜಿ ತೂರತೈತೇನು?" ಎಂದು ಕೇಳಿದ್ದರು. "ಗಟ್ಟಿ ಕರುಳು ಅಂದ್ರ ಹಂಗ ಇರತೈತಿ. ಕಾಯಿಲೆ ಕರುಳು ಅಂದ್ರ ಮಧ್ಯಾಹ್ನ ಮೂರರ ಡಬ್ಬಿ." ಹಾಲು ಮೊಸರಾಗುವಾಗ ಅದರ ಪ್ರೋಟೀನ್ ಮುರಿದು ಸಣ್ಣ ಸಣ್ಣ ತುಂಡುಗಳಾಗುತ್ತದೆ. ಪೆಪ್ಟೈಡ್ ಎಂದರೆ ಅವೇ. ಅವುಗಳಲ್ಲಿ ಕೆಲವು ಈ ಪದರವನ್ನು ಬಿಗಿ ಮಾಡುತ್ತವೆ ಎಂಬುದು ಅಕ್ಕೋರ ನಂಬಿಕೆ. ನಿವೃತ್ತಿಗೆ ಒಂದು ವರ್ಷವೂ ಉಳಿದಿರಲಿಲ್ಲ. ಅಷ್ಟರೊಳಗೆ ಅದನ್ನು ತೋರಿಸಿ ಹೋಗಬೇಕೆಂದು ಅವರ ಹಟ.

ಅದಕ್ಕಾಗಿ ನಾವು ಕರುಳಿನ ಜೀವಕೋಶಗಳನ್ನು ಪ್ಲಾಸ್ಟಿಕ್ ಪ್ಲೇಟಿನಲ್ಲಿ ಸಾಕುತ್ತಿದ್ದೆವು. ಸಾಕುವುದೆಂದೇ ಹೇಳಬೇಕು. ಒಂದು ಪ್ಲೇಟಿಗೆ ಹನ್ನೆರಡು ಕುಳಿ, ಕುಳಿಗೊಂದು ತೆಳು ಜಾಲರಿಯ ಬಟ್ಟಲು, ಅದರ ಮೇಲೆ ಜೀವಕೋಶದ ಪದರ. ದಿನ ಬಿಟ್ಟು ದಿನ ಹಳೆಯ ದ್ರವ ತೆಗೆದು ಹೊಸದನ್ನು ಉಣಿಸಬೇಕು. ಭಾನುವಾರವಿರಲಿ, ದೀಪಾವಳಿಯಿರಲಿ, ಹಳಿ ರಿಪೇರಿಯ ಮೆಗಾಬ್ಲಾಕ್ ಎಂದು ಲೋಕಲ್ ನಿಂತಿರಲಿ, ಬರಲೇಬೇಕು. ಇಪ್ಪತ್ತೊಂದು ದಿನಕ್ಕೆ ಪದರ ಬಲಿಯುತ್ತದೆ. ಆಮೇಲೆ ಪೆಪ್ಟೈಡ್ ಹಾಕಿ ಒಂದು ದಿನ ಬಿಟ್ಟು, ಎರಡು ಕಡ್ಡಿಯ ಎಲೆಕ್ಟ್ರೋಡನ್ನು ಒಂದೊಂದೇ ಕುಳಿಗೆ ಅದ್ದಿ, ಪದರ ವಿದ್ಯುತ್ತನ್ನು ಎಷ್ಟು ತಡೆಯುತ್ತದೆ ಎಂದು ನೋಡುವುದು. ತಡೆ ಹೆಚ್ಚಾದಷ್ಟೂ ಪದರ ಬಿಗಿ ಎಂದು ಲೆಕ್ಕ.

ಅಳೆಯುವುದಕ್ಕೆ ಅಕ್ಕೋರದ್ದೇ ಒಂದು ಕ್ರಮವಿತ್ತು. "ಹಬ್ಬದ ಎಲಿ ನೋಡೀ ಇಲ್ಲೋ? ಎಡಕ್ಕ ಉಪ್ಪು. ಅಲ್ಲಿಂದ ಶುರು ಮಾಡಿ ಬಲಕ್ಕ ಹೋಗೋದು. ಕೈಗೆ ರೂಢಿ ಆದ್ರ ತಪ್ಪಂಗಿಲ್ಲ." ಪ್ಲೇಟಿನ ಎಡಗಡೆಯ ಮೂರು ಕುಳಿಗೆ ಪೆಪ್ಟೈಡ್ ಇಲ್ಲದ ಬರೀ ದ್ರವ, ಅದಕ್ಕೆ ನಮ್ಮಿಬ್ಬರ ನಡುವೆ ಉಪ್ಪು ಎಂದೇ ಹೆಸರು. ಅದರ ಪಕ್ಕದ ಸಾಲಿಗೆ ಸ್ವಲ್ಪ ಪೆಪ್ಟೈಡ್, ಅದರಾಚೆ ಇನ್ನಷ್ಟು, ಬಲತುದಿಗೆ ಎಲ್ಲಕ್ಕಿಂತ ಹೆಚ್ಚು. ಅಳೆಯುವುದೂ ಅದೇ ಕ್ರಮದಲ್ಲಿ. ಇಪ್ಪತ್ತೊಂದನೆಯ ದಿನ ಪದರ ಬಲಿತಿದೆಯೇ ಎಂದು ನೋಡುವಾಗ ಅವರು ಹನ್ನೆರಡನ್ನೂ ಮುಟ್ಟುತ್ತಿರಲಿಲ್ಲ. ಅನ್ನ ಬೆಂದಿದೆಯೇ ಎಂದು ಅಗಳು ಹಿಸುಕಿ ನೋಡಿದ ಹಾಗೆ ಎಡಗಡೆಯ ಒಂದೆರಡು ಕುಳಿ ನೋಡಿ, "ಬೆಂದೈತಿ" ಎಂದು ಮುಚ್ಚಳ ಹಾಕಿಬಿಡುತ್ತಿದ್ದರು. ಸುಮ್ಮನೆ ಕಡ್ಡಿ ಅದ್ದಿ ಪದರ ಕೆರೆದರೆ ಯಾರು ಜವಾಬು ಎಂಬುದು ಅವರ ವಾದ. ನನಗೂ ಸರಿಯೆನಿಸಿತ್ತು. ಅಡುಗೆಮನೆಯಿಂದ ಬಂದ ಬುದ್ಧಿಯನ್ನು ಲ್ಯಾಬಿನಲ್ಲಿ ನೋಡಿದರೆ ನಮ್ಮವರೆಂಬ ಅಭಿಮಾನ ಬೇರೆ.

ಪ್ಲೇಟ್ ಇರುವುದು ಮೈಯ ಬಿಸಿಗೆ ಹೊಂದಿಸಿದ ಇನ್‌ಕ್ಯುಬೇಟರಿನಲ್ಲಿ. ಅಳೆಯುವಾಗ ಅದನ್ನು ಹೊರಗಿಡಬೇಕು. ಅದು ಆರದಂತೆ ಕೆಳಗೆ ಒಂದು ಬಿಸಿತಟ್ಟೆ ಇಡುವುದು ಪದ್ಧತಿ. ನಮ್ಮ ಬಿಸಿತಟ್ಟೆ ಯಾವಾಗಲೋ ಸುಟ್ಟುಹೋಗಿತ್ತು. ಹೊಸದು ಬರುವುದಿತ್ತು, ಬರಲಿಲ್ಲ. "ನನ್ನ ಕೈ ಚುರುಕ ಐತಿ, ಆರೂದರೊಳಗ ಮುಗಸ್ತೇನಿ" ಎನ್ನುತ್ತಿದ್ದರು. ಅವರ ಕೈ ಒಂದು ಕಾಲಕ್ಕೆ ಚುರುಕಾಗಿತ್ತಂತೆ. ನಾನು ನೋಡುವ ಹೊತ್ತಿಗೆ ಗೆಣ್ಣು ಬಾತಿದ್ದವು. ಪ್ರತಿ ಕುಳಿಗೂ ಕಡ್ಡಿ ತೊಳೆದು, ನೆಟ್ಟಗೆ ಹಿಡಿದು, ಅಂಕಿ ನಿಲ್ಲುವವರೆಗೆ ಕಾಯುತ್ತಿದ್ದರು.

ಫಲಿತಾಂಶ ಬಂತು. ಅಂಥ ಚೆಂದದ ಫಲಿತಾಂಶವನ್ನು ನಾನು ಆಮೇಲೆ ಎಲ್ಲೂ ಕಂಡಿಲ್ಲ. ಉಪ್ಪಿಗಿಂತ ಸ್ವಲ್ಪ ಪೆಪ್ಟೈಡ್ ಮೇಲೆ, ಅದಕ್ಕಿಂತ ಹೆಚ್ಚಿನದು ಇನ್ನೂ ಮೇಲೆ, ಬಲತುದಿಯದು ಎಲ್ಲಕ್ಕೂ ಮೇಲೆ. ಏಣಿಯ ಮೆಟ್ಟಿಲು ನೋಡಿದ ಹಾಗೆ. ಎರಡನೆಯ ಸಲ ಮಾಡಿದೆವು, ಹಾಗೇ ಬಂತು. ಮೂರನೆಯ ಸಲವೂ. ಬಣ್ಣವೊಂದನ್ನು ಮೇಲೆ ಹಾಕಿ ಕೆಳಗೆ ಎಷ್ಟು ಸೋರುತ್ತದೆಂದು ನೋಡುವ ಇನ್ನೊಂದು ಪರೀಕ್ಷೆ ಇದೆ. ಅದು ಮಾತ್ರ ಇತ್ತ ಹೌದು ಎನ್ನಲಿಲ್ಲ, ಅತ್ತ ಇಲ್ಲ ಎನ್ನಲಿಲ್ಲ. ಅದನ್ನು ಆಮೇಲೆ ನೋಡೋಣ ಎಂದು ಬದಿಗಿಟ್ಟೆವು. ಏಣಿ ಕಣ್ಣ ಮುಂದಿರುವಾಗ ಯಾರಿಗೆ ಬೇಕು ಅದು.

ಅಕ್ಕೋರಿಗೆ ತಮ್ಮದೇ ಕರುಳಿನ ಕಾಯಿಲೆಯಿತ್ತು. ನನಗದು ತಿಳಿದದ್ದು ನಿಧಾನವಾಗಿ. ದಾದರ್‌ನಲ್ಲಿ ಒಬ್ಬರೇ ಇದ್ದರು. ಅಲ್ಲಿಂದ ಪರೇಲ್ ಒಂದೇ ಸ್ಟೇಷನ್, ಆದರೂ ಅವರು ಲೋಕಲ್ ಹತ್ತುತ್ತಿರಲಿಲ್ಲ. ದಾರಿಯಲ್ಲಿ ಎಲ್ಲೆಲ್ಲಿ ಶೌಚಾಲಯವಿದೆ ಎಂದು ತಿಳಿದುಕೊಂಡು ಟ್ಯಾಕ್ಸಿಯಲ್ಲಿ ಬರುತ್ತಿದ್ದರು. ಕಪಾಟಿನಲ್ಲಿ ಒಂದು ಹೆಚ್ಚಿನ ಸೀರೆ ಇರುತ್ತಿತ್ತು. ವರ್ಷಗಟ್ಟಲೆ ನುಂಗಿದ ಗುಳಿಗೆಯಿಂದ ಮುಖ ಬಾತು, ಮೂಳೆ ಸವೆದಿತ್ತು. ದಿನಾ ಹನ್ನೊಂದು ಗಂಟೆಗೆ ಮನೆಯಿಂದ ತಂದ ಸ್ಟೀಲ್ ಡಬ್ಬಿ ತೆರೆದು, ಮೊಸರು ಬಟ್ಟೆಯಲ್ಲಿ ಕಟ್ಟಿ ಇಳಿಸಿದ ತಿಳಿನೀರನ್ನು ಲೋಟಕ್ಕೆ ಬಗ್ಗಿಸಿ ಕುಡಿಯುತ್ತಿದ್ದರು. ಆ ಹುಳಿವಾಸನೆ ಮಧ್ಯಾಹ್ನದವರೆಗೂ ಅವರ ಕೋಣೆಯಲ್ಲಿ ಇರುತ್ತಿತ್ತು.

ಮೂರನೆಯ ಏಣಿ ಬಂದ ವಾರ ಅವರು ನನ್ನನ್ನು ಒಳಗೆ ಕರೆದು ಬಾಗಿಲು ಮುಂದೆ ಮಾಡಿದರು.

"ಗುಳಿಗಿ ಅರ್ಧಕ್ಕ ಇಳಿಸೇನಿ. ಮೂರು ವಾರ ಆತು. ಡಾಕ್ಟರಿಗೆ ಹೇಳಿಲ್ಲ, ನೀನೂ ಯಾರ ಮುಂದೂ ಅನಬ್ಯಾಡ."

"ಹಂಗ ಇಳಿಸಬಹುದೇನ್ರಿ, ಅಕ್ಕೋರ?"

"ಇನ್ನೊಬ್ಬರ ಕೆಲಸಾ ನಂಬಿ ಇಪ್ಪತ್ತು ವರ್ಷ ಗುಳಿಗಿ ನುಂಗೇನಿ. ನನ್ನ ಕೆಲಸಾ ನಾನ ನಂಬಬಾರದೇನು?"

ಅಂದು ಅವರ ಮುಖದ ಬಾವು ಸ್ವಲ್ಪ ಇಳಿದಿತ್ತು. ಸಣ್ಣ ವಯಸ್ಸಿನ ಹೆಂಗಸು ಯಾರೋ ಒಳಗಿಂದ ಇಣುಕಿದ ಹಾಗಿತ್ತು. ನನಗೂ ಖುಷಿಯಾಯಿತು. ಬೇಡ ಎನ್ನಬೇಕೆಂದು ತೋಚಲೂ ಇಲ್ಲ.

ಅದಾದ ಮುಂದಿನ ಮಂಗಳವಾರ ಅವರಿಗೆ ಮೇಲಿನ ಮಹಡಿಯಲ್ಲಿ ಮೀಟಿಂಗ್. ನಾಲ್ಕನೆಯ ಪ್ಲೇಟನ್ನು ನೀನೇ ಅಳೆ ಎಂದಿದ್ದರು. ನಾನು ಒಬ್ಬಳೇ. ಹನ್ನೆರಡು ಕುಳಿ ಮುಗಿಸಿ ಅಂಕಿಗಳನ್ನು ನೋಡಿದರೆ ಏಣಿ ತಲೆಕೆಳಗಾಗಿತ್ತು. ಉಪ್ಪಿಗೇ ಹೆಚ್ಚು, ಪೆಪ್ಟೈಡ್ ಹೆಚ್ಚಾದಂತೆ ಕಡಿಮೆ. ಪ್ಲೇಟ್ ಎತ್ತಿ ನೋಡಿದೆ. ಗಡಿಬಿಡಿಯಲ್ಲಿ ಅದನ್ನು ತಿರುಗಿಸಿ ಇಟ್ಟಿದ್ದೆ. ಬಲತುದಿ ಎಡಕ್ಕೆ ಬಂದಿತ್ತು. ಸದ್ಯ, ನನ್ನ ಗೊಂದಲವಷ್ಟೇ ಎಂದುಕೊಂಡು ಹೆಸರುಗಳನ್ನು ಸರಿಪಡಿಸಿ ಬರೆಯಹೊರಟೆ. ಬರೆಯುತ್ತಿದ್ದ ಕೈ ನಿಂತಿತು. ಹೆಸರು ನಾನು ಕುಳಿಯ ಮೇಲಿನ ಗುರುತು ನೋಡಿಯೇ ಬರೆದಿದ್ದೆ. ಅದರಲ್ಲಿ ತಪ್ಪಿರಲಿಲ್ಲ. ತಪ್ಪಿದ್ದು ಅಳೆದ ದಿಕ್ಕು ಮಾತ್ರ. ಪ್ಲೇಟಿನ ಬಲತುದಿಯಿಂದ ಉಪ್ಪಿನ ಕಡೆಗೆ ಅಳೆದಿದ್ದೆ, ಏಣಿಯೂ ಅತ್ತಲೇ ಹತ್ತಿತ್ತು.

ಪ್ಲೇಟನ್ನು ಇನ್‌ಕ್ಯುಬೇಟರಿಗೆ ಹಾಕಿ ಒಂದು ಗಂಟೆ ಕಾದೆ. ಹೊರತೆಗೆದು ಈ ಸಲ ಎಡದಿಂದ ಬಲಕ್ಕೆ ಅಳೆದೆ. ಏಣಿ ಮೊದಲಿನಂತೆ ನೆಟ್ಟಗೆ ನಿಂತಿತು. ಜೀವಕೋಶ ಅವೇ, ಪೆಪ್ಟೈಡ್ ಅದೇ. ಕೊನೆಗೆ ಬರೀ ಉಪ್ಪಿನ ಒಂದು ಕುಳಿಯನ್ನೇ ಹಿಡಿದು, ನಿಮಿಷಕ್ಕೊಮ್ಮೆ ಕಡ್ಡಿ ಅದ್ದಿದೆ. ಎಸಿಯ ಗಾಳಿಗೆ ಪ್ಲೇಟ್ ಆರುತ್ತ ಹೋದಂತೆ ಅಂಕಿ ಮೇಲೆ ಮೇಲೆ ಹೋಗುತ್ತಿತ್ತು. ದ್ರವ ತಣ್ಣಗಾದರೆ ವಿದ್ಯುತ್ತಿಗೆ ಅಡ್ಡಿ ಹೆಚ್ಚುತ್ತದೆ. ಇದು ನಮಗಿಬ್ಬರಿಗೂ ಗೊತ್ತಿಲ್ಲದ ವಿಷಯವಲ್ಲ, ಪುಸ್ತಕದಲ್ಲಿದೆ. ಬಲತುದಿಯ ಕುಳಿ ಬಿಗಿಯಾಗಿರಲಿಲ್ಲ. ಅದರ ಸರದಿ ಕೊನೆಗಿತ್ತು, ಅಷ್ಟೇ.

ಇಷ್ಟನ್ನೂ ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಬರೆದು ಮುಚ್ಚಿದೆ. ಎಂದಿನ ಪುಟದಲ್ಲಿ ನೆಟ್ಟಗಿನ ಏಣಿಯನ್ನಷ್ಟೇ ಬರೆದೆ. ಅಕ್ಕೋರು ಮೀಟಿಂಗ್ ಮುಗಿಸಿ ಬಂದು, "ಹೆಂಗ ಬಂತು?" ಎಂದರು. "ಹಂಗ ಬಂದೈತ್ರಿ" ಎಂದೆ. ಸುಳ್ಳಲ್ಲ. ಆದರೆ ಅದಕ್ಕಿಂತ ದೊಡ್ಡ ಸುಳ್ಳನ್ನು ನಾನು ಅಲ್ಲಿಯವರೆಗೆ ಹೇಳಿರಲಿಲ್ಲ.

ನಾಳೆ ಹೇಳೋಣ ಎಂದುಕೊಂಡೆ. ಬುಧವಾರ ಹೇಳಲಿಲ್ಲ. ಇನ್ನೊಂದು ಪ್ಲೇಟ್ ನೋಡಿ ಖಾತ್ರಿ ಮಾಡಿಕೊಂಡು ಹೇಳೋಣ ಎಂದುಕೊಂಡೆ. ಖಾತ್ರಿ ಆಗಲೇ ಆಗಿತ್ತು. ನನಗೆ ಏತರ ಹೆದರಿಕೆ ಎಂದು ಈಗ ಕೇಳಿದರೆ ಒಂದೇ ಉತ್ತರ ಹೇಳಲಾರೆ. ನನ್ನ ಪಿಎಚ್‌ಡಿ ಅದೇ ಏಣಿಯ ಮೇಲೆ ನಿಂತಿತ್ತು, ಅದೂ ಇತ್ತು. ನಿಮ್ಮ ಕ್ರಮವೇ ತಪ್ಪು ಎಂದು ಕಲಿಸಿದವರಿಗೆ ಹೇಳುವುದು ಹೇಗೆ, ಅದೂ ಇತ್ತು. ಎಲ್ಲಕ್ಕಿಂತ ಹೆಚ್ಚಾಗಿ ಬಾವು ಇಳಿದ ಆ ಮುಖ, ಅದರೊಳಗಿಂದ ಇಣುಕಿದ ಆ ಹೆಂಗಸು... ಅವಳನ್ನು ಮತ್ತೆ ಒಳಗೆ ತಳ್ಳುವ ಧೈರ್ಯ ನನಗಿರಲಿಲ್ಲ.

ಭಾಂಡುಪ್‌ನಿಂದ ಹೊರಡುವಾಗ ಇವತ್ತು ಹೇಳಿಯೇ ಬಿಡುತ್ತೇನೆ ಎಂದು ಗಟ್ಟಿ ಮಾಡಿಕೊಳ್ಳುತ್ತಿದ್ದೆ. ಘಾಟ್‌ಕೋಪರ್ ದಾಟುವಾಗ ಮಾತು ಜೋಡಿಸುತ್ತಿದ್ದೆ. ಇಳಿದು ಮೆಟ್ಟಿಲು ಹತ್ತುವಷ್ಟರಲ್ಲಿ ಅವೆಲ್ಲ ಎಲ್ಲಿ ಹೋಗುತ್ತಿದ್ದವೋ. ಮನೆಯಲ್ಲಿ ಅವ್ವ, "ಊಟಾ ಯಾಕ ಬಿಟ್ಟಿ? ಯಾರರ ಏನರ ಅಂದರೇನು?" ಎಂದು ಬೆನ್ನು ಹತ್ತಿದಳು. ಯಾರೂ ಏನೂ ಅಂದಿರಲಿಲ್ಲ. ಅನ್ನಬೇಕಾದವಳು ನಾನಿದ್ದೆ.

ಐದನೆಯ ದಿನ, ಶನಿವಾರ. ಅಕ್ಕೋರು ಲೋಟ ತೊಳೆದು ಬೋರಲು ಹಾಕುತ್ತ, ತಮ್ಮಷ್ಟಕ್ಕೆ ಎಂಬಂತೆ, "ಸೋಮವಾರದಿಂದ ಪೂರ್ತಿ ಬಿಡತೇನಿ" ಎಂದರು.

ನನಗೆ ಕೇಳಿಸಿತು. ಕೇಳಿಸಲಿಲ್ಲವೆಂದು ಎಷ್ಟೋ ಸಲ ನನಗೆ ನಾನೇ ಹೇಳಿಕೊಂಡಿದ್ದೇನೆ. ಕೇಳಿಸಿತ್ತು. ನಾನು ಪಿಪೆಟ್ಟಿನ ತುದಿಗಳನ್ನು ಡಬ್ಬಿಯಲ್ಲಿ ಜೋಡಿಸುತ್ತಿದ್ದೆ. ತಲೆ ಎತ್ತದೆ ಜೋಡಿಸುತ್ತಲೇ ಇದ್ದೆ. ನಡುವೆ ಇದ್ದದ್ದು ಮೂರು ಹೆಜ್ಜೆ.

ಒಂಬತ್ತನೆಯ ದಿನ, ಬುಧವಾರ, ಅವರು ಬೆಳಿಗ್ಗೆಯಿಂದ ಮೂರು ಸಲ ಹೊರಗೆ ಹೋಗಿ ಬಂದರು. ಮೂರನೆಯ ಸಲ ಬಂದಾಗ ಸೀರೆ ಬದಲಾಗಿತ್ತು. ಮುಖ ಬೂದಿಯ ಬಣ್ಣಕ್ಕೆ ತಿರುಗಿತ್ತು. ಮೇಜಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದು ನಿಂತರು. ಏನಾತ್ರಿ ಎಂದು ಓಡಿದೆ. "ಏನಿಲ್ಲ. ನಿನ್ನಿ ಉಪ್ಪಿನಕಾಯಿ ತಿಂದೆ" ಎಂದರು. ಅವರು ಉಪ್ಪಿನಕಾಯಿ ಮುಟ್ಟದೆ ಎಷ್ಟು ವರ್ಷವಾಗಿತ್ತೆಂದು ನನಗೆ ಗೊತ್ತಿತ್ತು. ಕೈ ಚಾಚಿ ಆ ತಿಳಿನೀರಿನ ಡಬ್ಬಿಯನ್ನು ಎಳೆದುಕೊಂಡರು. ಅದನ್ನು ನೋಡಿ ನನಗೆ ತಡೆಯಲಾಗಲಿಲ್ಲ.

"ಅಕ್ಕೋರ, ಗುಳಿಗಿ ಮತ್ತ ಚಾಲೂ ಮಾಡ್ರಿ."

"ನೀ ಯಾವಾಗಿಂದ ಡಾಕ್ಟರ್ ಆದಿ?"

"ಅದು ಪೆಪ್ಟೈಡ್ ಅಲ್ಲರಿ. ಪ್ಲೇಟ್ ಆರತೈತಿ, ಅದಕ್ಕ ಅಂಕಿ ಏರತಾವು. ನಾವು ಬಲಕ್ಕ ಹೋಗೂದರೊಳಗ ತಣ್ಣಗಾಗಿರತೈತಿ. ಬಲದಿಂದ ಅಳೆದರ ಉಲ್ಟಾ ಬರತೈತ್ರಿ. ನಾ ನೋಡೇನಿ."

ಬಯ್ಯುತ್ತಾರೆ, ಇಲ್ಲವೇ ಅಳುತ್ತಾರೆ ಎಂದು ಕಾದೆ. ಅವರು ಡಬ್ಬಿಯ ಮುಚ್ಚಳ ಹಾಕಿದರು. ಆಮೇಲೆ, "ಪ್ಲೇಟ್ ತಗೊಂಬಾ" ಎಂದರು.

ಬೇಡವೆಂದರೂ ಕೇಳದೆ ತಾವೇ ಕೈಗವಸು ಹಾಕಿಕೊಂಡು ಅಳೆದರು. ಮೊದಲು ಬಲದಿಂದ. ಅವರು ಕಡ್ಡಿ ಅದ್ದುವುದು, ನಾನು ಅಂಕಿ ಓದುವುದು. ನಡುವೆ ಹೊಟ್ಟೆ ಹಿಡಿದುಕೊಂಡು ಎರಡು ಸಲ ನಿಂತರು. ನಾನು ಓದುವುದನ್ನು ನಿಲ್ಲಿಸಿದರೆ, "ಓದು" ಎನ್ನುತ್ತಿದ್ದರು. ಪ್ಲೇಟನ್ನು ಬಿಸಿಗೆ ಹಾಕಿ, ಒಂದು ಗಂಟೆ ಕಾದು, ಎಡದಿಂದ ಇನ್ನೊಮ್ಮೆ. ಕೊನೆಗೆ ಉಪ್ಪಿನ ಒಂದೇ ಕುಳಿಯನ್ನು ಹತ್ತು ನಿಮಿಷ. ಅಂಕಿ ಏರುತ್ತಿತ್ತು. ಹತ್ತನೆಯ ನಿಮಿಷಕ್ಕೆ ಅವರು ಕಡ್ಡಿಯನ್ನು ಸ್ಪಿರಿಟ್ಟಿನಲ್ಲಿ ತೊಳೆದು, ಒರೆಸಿ, ಪೆಟ್ಟಿಗೆಯಲ್ಲಿಟ್ಟರು.

"ಅಗಳು ನೋಡಿ ಮೋಸಹೋದೆ" ಎಂದರು. "ಇಪ್ಪತ್ತೊಂದನೇ ದಿನಾನ ಹನ್ನೆರಡೂ ನೋಡಿದ್ದರ, ಪೆಪ್ಟೈಡ್ ಹಾಕೂ ಮೊದಲ ಏಣಿ ಕಾಣ್ತಿತ್ತು."

ಚೀಲದಿಂದ ಗುಳಿಗೆಯ ಹಾಳೆ ತೆಗೆದರು. ನುಂಗಲಿಲ್ಲ, ಡಾಕ್ಟರಿಗೆ ಫೋನ್ ಹಚ್ಚಿ, ಎಷ್ಟು ದಿನದಿಂದ ಎಷ್ಟು ಇಳಿಸಿದ್ದೆ, ಯಾವತ್ತು ಬಿಟ್ಟೆ ಎಂದು ಒಂದೊಂದೇ ಹೇಳಿದರು. ಆ ಕಡೆಯಿಂದ ಬಯ್ಗುಳ ನನಗೂ ಕೇಳಿಸುತ್ತಿತ್ತು. ತಪ್ಪಾಯಿತು ಎಂದರು. ಫೋನ್ ಇಟ್ಟು, ನನ್ನತ್ತ ತಿರುಗಿ, ಮೆಲ್ಲಗೆ ಕೇಳಿದರು.

"ನಿನಗ ಯಾವಾಗ ಗೊತ್ತಾತು?"

"ನಿನ್ನೆರಿ" ಎಂದೆ.

ಅವರು ನನ್ನನ್ನು ನೋಡಿದರು. ತುಸು ಹೆಚ್ಚು ಹೊತ್ತೇ ನೋಡಿದರು. "ಆತು. ನೋಟ್‌ಬುಕ್ ಇಲ್ಲಿಟ್ಟು ಹೋಗು, ಸಹಿ ಮಾಡತೇನಿ" ಎಂದರು.

ಆ ವಾರವೇ, ಮೂರು ಏಣಿಗಳ ವರದಿ ಹೋಗಿದ್ದ ಸಂಶೋಧನಾಲಯದ ಕಮಿಟಿಗೆ ಕಾಗದ ಬರೆದು ಫಲಿತಾಂಶವನ್ನು ಹಿಂದಕ್ಕೆ ತೆಗೆದುಕೊಂಡರು. ತಪ್ಪು ತಮ್ಮದೆಂದು ಬರೆದರು, ನನ್ನ ಹೆಸರು ಎಲ್ಲೂ ಇಲ್ಲ. ಮುಂದೆ ಬಿಸಿತಟ್ಟೆ ಕೇಳಿ ತಂದು, ಪ್ರತಿ ಕುಳಿಯನ್ನೂ ಮೊದಲು ಒಮ್ಮೆ ಆಮೇಲೊಮ್ಮೆ ಅಳೆದು, ದಿಕ್ಕು ಬದಲಿಸಿ ಬದಲಿಸಿ ಇಡೀ ಪ್ರಯೋಗವನ್ನು ನನ್ನಿಂದ ಮತ್ತೆ ಮಾಡಿಸಿದರು. ಏಣಿ ಹೋಯಿತು. ನಡುವಿನ ಒಂದು ಸಾಲಿನಲ್ಲಿ ಮಾತ್ರ ಒಂದಿಷ್ಟು ಏರಿಕೆ ಉಳಿದಂತೆ ಕಾಣುತ್ತಿತ್ತು, ಬಣ್ಣದ ಪರೀಕ್ಷೆ ಅದಕ್ಕೂ ಸಾಕ್ಷಿ ಹೇಳಲಿಲ್ಲ. ಏನೆಂದು ಬರೆಯಲಿ ಎಂದು ಕೇಳಲು ನಾನು ಆಸ್ಪತ್ರೆಗೆ ಹೋಗಬೇಕಾಯಿತು. ಅಷ್ಟರಲ್ಲಿ ಅವರು ಅಡ್ಮಿಟ್ ಆಗಿದ್ದರು. "ಗೊತ್ತಿಲ್ಲ ಅಂತ ಬರಿ" ಎಂದರು. "ಹಂಗ ಬರಿಯೂದು ಕಲಿ."

ಗುಳಿಗೆ ಮತ್ತೆ ಹಿಡಿತಕ್ಕೆ ಬರಲಿಲ್ಲ. ದೊಡ್ಡಕರುಳಿನ ಬಹುಭಾಗವನ್ನು ತೆಗೆಯಬೇಕಾಯಿತು. ನಿವೃತ್ತಿಯ ದಿನ ಅವರು ಲ್ಯಾಬಿಗೆ ಬಂದು ಕುರ್ಚಿಯಲ್ಲಿ ಕೂತು ಒಂದು ಪೇಢಾ ತಿಂದು ಹೋದರು. ಮೂರು ವರ್ಷ ಬದುಕಿದ್ದರು. ತಿಂಗಳಿಗೊಮ್ಮೆ ದಾದರ್‌ನ ಮನೆಗೆ ಹೋಗುತ್ತಿದ್ದೆ. ಪ್ರತಿ ಸಲವೂ ಮೆಟ್ಟಿಲಲ್ಲಿ ಹೇಳೋಣ ಎಂದುಕೊಳ್ಳುತ್ತಿದ್ದೆ. ಪ್ರತಿ ಸಲವೂ ಚಹಾ ಕುಡಿದು, ಲೋಕಲ್‌ನ ಗದ್ದಲ, ಅವ್ವನ ಮೊಣಕಾಲು, ಇಂಥದ್ದೆಲ್ಲ ಮಾತಾಡಿ ಎದ್ದು ಬರುತ್ತಿದ್ದೆ. ಒಮ್ಮೆ ಅವರ ಡಾಕ್ಟರು ಅಲ್ಲೇ ಸಿಕ್ಕಾಗ, ಗುಳಿಗೆಯನ್ನು ಒಂದು ವಾರ ಮೊದಲೇ ಶುರು ಮಾಡಿದ್ದರೆ ಕರುಳು ಉಳಿಯುತ್ತಿತ್ತೇ ಎಂದು ಕೇಳಿದೆ. ಇರಬಹುದು, ಇಲ್ಲದಿರಬಹುದು, ಹೇಳಲಾಗದು ಎಂದರು. ಅಕ್ಕೋರು ಕಲಿಸಿದ ಉತ್ತರವೇ. ಅದರೊಂದಿಗೆ ಬದುಕುವುದನ್ನು ಮಾತ್ರ ಅವರು ಕಲಿಸಿ ಹೋಗಲಿಲ್ಲ...

ಹೋದ ವರ್ಷ ಆ ಲ್ಯಾಬಿನಲ್ಲಿ ಗಾಜು ತೊಳೆಯುತ್ತಿದ್ದ ಕಾಕಾ ಫೋನ್ ಮಾಡಿದರು. ಕೋಣೆ ಖಾಲಿ ಮಾಡುತ್ತಿದ್ದಾರೆ, "ಮ್ಯಾಡಮ್‌ಚ್ಯಾ ವಹ್ಯಾ ರದ್ದೀತ್ ಚಾಲಲ್ಯಾ," ಮ್ಯಾಡಮ್‌ರ ವಹಿಗಳು ರದ್ದಿಗೆ ಹೋಗುತ್ತಿವೆ, ಬೇಕಿದ್ದರೆ ಬಂದು ಒಯ್ಯಿ ಎಂದರು. ಹೋಗಿ ಚೀಲದಲ್ಲಿ ತುಂಬಿಕೊಂಡು ಬಂದೆ. ನನ್ನ ನೋಟ್‌ಬುಕ್ಕೂ ಅದರಲ್ಲಿತ್ತು. ಭಾಂಡುಪ್‌ಗೆ ಬರುವ ಲೋಕಲ್‌ನಲ್ಲಿ, ಕಿಟಕಿಯ ಪಕ್ಕ ಜಾಗ ಸಿಕ್ಕಿತ್ತು, ಅದನ್ನು ತೆರೆದೆ.

ತಾರೀಕು ಇಲ್ಲದ ಅಂಕಿ ಅಂಕಿಯೇ ಅಲ್ಲ ಎನ್ನುತ್ತಿದ್ದರು ಅಕ್ಕೋರು. ಎಲ್ಲಿ ಏನು ಬರೆದರೂ ಮೊದಲು ತಾರೀಕು ಹಾಕುವುದನ್ನು ಕೈಗೆ ರೂಢಿ ಮಾಡಿಸಿದ್ದರು. ಕೊನೆಯ ಪುಟದ ಆ ತಲೆಕೆಳಗಾದ ಏಣಿಯ ನೆತ್ತಿಯ ಮೇಲೆ ನನ್ನದೇ ಅಕ್ಷರದಲ್ಲಿ ಆ ಮಂಗಳವಾರದ ತಾರೀಕಿತ್ತು. ಅದು ಅಲ್ಲಿದೆಯೆಂದೇ ನಾನು ಮರೆತಿದ್ದೆ. ಪುಟದ ಕೆಳಗೆ ಅವರ ಸಹಿ, ಎಂಟು ದಿನ ಆಮೇಲಿನ ತಾರೀಕು. ವಹಿಯಲ್ಲೆಲ್ಲ ಇಂಗ್ಲಿಷ್‌ನಲ್ಲೇ ಬರೆಯುತ್ತಿದ್ದವರು ಸಹಿಯ ಪಕ್ಕದಲ್ಲಿ ಪೆನ್ಸಿಲಿನಿಂದ ಎರಡು ಶಬ್ದ ಕನ್ನಡದಲ್ಲಿ ಬರೆದಿದ್ದರು. "ಹುಡುಗಿ ಹೆದರ್ಯಾಳ."

ನಾನಿಳಿಯಬೇಕಾದ ಭಾಂಡುಪ್ ಹೋಗಿ, ಮುಲುಂಡ್ ಬಂದು ಹೋದದ್ದೂ ಗೊತ್ತಾಗಲಿಲ್ಲ. ಠಾಣೆಯಲ್ಲಿ ಇಳಿದು ಹಿಂದಕ್ಕೆ ಬರಬೇಕಾಯಿತು.

ಡೈರಿಯಲ್ಲಿ ನನ್ನ ಸರದಿ ಬಂತು. ಅಂಗಡಿಯವನು ಗಂಟು ಬಿಚ್ಚಿ ಚಕ್ಕಾ ತೂಗಿ ಕೊಟ್ಟ. ತುಂಬಿದ ಬಕೆಟ್ಟನ್ನು ಎತ್ತಿ ಆ ತಿಳಿನೀರನ್ನು ಗಟಾರಿಗೆ ಸುರಿದ. ವಾಸನೆ ಒಮ್ಮೆಲೇ ಎದ್ದು, ಹೋಯಿತು.

ಮರುದಿನ ಹಬ್ಬದ ಎಲೆ ಹಾಕಿದಾಗ ಉಪ್ಪು ಬಡಿಸುವ ಪಾಳಿ ಎಂದಿನಂತೆ ನನ್ನದು. ಎಡತುದಿಗೆ ಒಂದು ಚಿಟಿಕೆ ಹಾಕಿ ಹಾಗೇ ಕೂತುಬಿಟ್ಟೆ. "ಯಾಕ, ಏನಾತು?" ಎಂದಳು ಅವ್ವ. ಅವಳಿಗೆ ಏನೆಂದು ಹೇಳಲಿ. ಹೇಳಬೇಕಾದವರು ಇಲ್ಲ. ಇದ್ದಿದ್ದರೆ ಹೇಳುತ್ತಿದ್ದೆ, ನಿನ್ನೆ ಅಲ್ಲರಿ ಅಕ್ಕೋರ, ಎಂಟು ದಿನ ಆಗಿತ್ತು. ಅವರಿಗದು ಅಂದು ಸಂಜೆಯೇ ಗೊತ್ತಿತ್ತು. ಗೊತ್ತಿದ್ದೂ, ನಾನಾಗಿ ಹೇಳುತ್ತೇನೆಂದು ಮೂರು ವರ್ಷ ಚಹಾ ಕೊಟ್ಟು ಕಾದಿದ್ದರು.